ಬೀರು ತುಂಬ ಕಪ್ಪು-ಬೂದು ಇರೋರು ಬಣ್ಣ ಎಲ್ಲಿಂದ ಶುರು ಮಾಡೋದು?

"ನಿನ್ ಹತ್ರಾನೂ ಮೊದ್ಲು ಬರೀ ಕಪ್ಪು, ಬೂದು, ಬಿಳಿ ಬಟ್ಟೆನೇ ಇತ್ತಲ್ವಾ, ಈಗ ಬಣ್ಣ ಹೇಗ್ ಹಾಕ್ತೀಯ? ನಂಗೂ ಆಸೆ, ಆದ್ರೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಇದ್ಯಾರಪ್ಪಾ ಅನ್ಸುತ್ತೆ." ಇದನ್ನ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ, ಅದಕ್ಕೇ ಒಂದ್ಸಲ ಬರ್ದೇ ಬಿಡೋಣ ಅಂತ.

ನನ್ನ ಉತ್ತರ ಇಷ್ಟೇ. ಒಂದೇ ಒಂದು ಬಣ್ಣ ಆರ್ಸ್ಕೊಳ್ಳಿ, ಸ್ವಲ್ಪ ಗಾಢವಾಗಿರೋದು, ಅದೂ ಮುಖದ ಹತ್ರ ಬರೋ ಬಟ್ಟೇಲಿ. ಇರೋ ಕಪ್ಪು ಬೂದು ಯಾವ್ದನ್ನೂ ಎಸೀಬೇಡಿ, ಬಣ್ಣ ನಿಲ್ಲೋದೇ ಅವುಗಳ ಪಕ್ಕದಲ್ಲಿ.

ನಾನು ಮಾಡಿದ್ದು ಪೂರ್ತಿ ಉಲ್ಟಾ. ಒಂದಿನ ಬೇಜಾರಾಗಿ ಗಿಳಿಹಸಿರು ಪ್ಯಾಂಟು, ಕಿತ್ತಳೆ ಶರ್ಟು, ಗಾಢ ಗುಲಾಬಿ ಸ್ವೆಟರ್ ಮೂರನ್ನೂ ಒಟ್ಟಿಗೆ ತಗೊಂಡ್ ಬಂದೆ, ಒಂದಕ್ಕೊಂದು ಸೇರಲ್ಲ, ಮನೇಲಿರೋದಕ್ಕೂ ಸೇರಲ್ಲ, ಪ್ಯಾಂಟಿನ ಟ್ಯಾಗ್ ಇನ್ನೂ ಹಾಗೇ ನೇತಾಡ್ತಿದೆ. ಅವತ್ತಿಂದ ಒಂದು ರೂಲ್ ಮಾಡ್ಕೊಂಡಿದೀನಿ, ಬೀರುನಲ್ಲಿರೋ ಕನಿಷ್ಠ ಮೂರು ಬಟ್ಟೆ ಜೊತೆ ಹೋಗಲ್ಲ ಅಂದ್ರೆ ಎಷ್ಟೇ ಚೆನ್ನಾಗಿದ್ರೂ ಬೇಡ.

ತಗೊಳೋಕ್ ಮುಂಚೆ ಇನ್ನೊಂದ್ ಕೆಲ್ಸ ಇದೆ. ನಿಮ್ಮ ಕಪ್ಪು, ಬೂದು, ಕೆನೆಬಣ್ಣ ಎಲ್ಲಾ ತೆಗ್ದು ಹಗಲು ಬೆಳಕಲ್ಲಿ ಹಾಸಿಗೆ ಮೇಲೆ ಹರಡಿ ನೋಡಿ. ನ್ಯೂಟ್ರಲ್ ಅಂತೀವಿ, ಆದ್ರೆ ಅವೂ ಒಂದೊಂದ್ ಕಡೆ ವಾಲಿರ್ತವೆ. ಬೀಜ್ (ಮರಳಿನಂಥ ತಿಳಿ ಕಂದು), ಖಾಕಿ, ಕೆನೆಬಣ್ಣ ಇವೆಲ್ಲಾ ಹಳದಿ ಕಡೆಗೆ, ಕೆಲವು ಬೂದು ನೀಲಿ ಕಡೆಗೆ, ತುಂಬಾ ಒಗೆದ ಕಪ್ಪು ಕಂದು ಬಣ್ಣಕ್ಕೆ ತಿರುಗಿರುತ್ತೆ. ಹಳದಿ ಕಡೆಯವು ಜಾಸ್ತಿ ಇದ್ರೆ ಇಟ್ಟಿಗೆ ಬಣ್ಣ, ಆಲಿವ್, ಸಾಸಿವೆ ಹಳದಿ ಸಲೀಸಾಗಿ ಸೇರುತ್ತೆ. ತಣ್ಣನೆ ಬೂದು, ಅಚ್ಚ ಬಿಳಿ ಜಾಸ್ತಿ ಇದ್ರೆ ಬಾಟಲ್ ಗ್ರೀನ್, ವೈನ್ ಬಣ್ಣ, ಗಾಢ ನೀಲಿ.

ಅಕ್ಕಪಕ್ಕದ ಬಣ್ಣ ಯಾಕಿಷ್ಟು ಮುಖ್ಯ ಅನ್ನೋದಕ್ಕೆ ನಂಗೆ ಇಷ್ಟವಾದ ಕಥೆ ಒಂದಿದೆ. ಪ್ಯಾರಿಸ್ಸಿನ ಗೋಬೆಲಾ ಅನ್ನೋ ಚಿತ್ರಕಂಬಳಿ ನೇಯೋ ಕಾರ್ಖಾನೇಲಿ ಬಣ್ಣ ಹಾಕೋ ವಿಭಾಗಕ್ಕೆ 1824ರಲ್ಲಿ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞ ಮುಖ್ಯಸ್ಥ ಆದ. ಕಪ್ಪು ನೂಲು ಸಪ್ಪೆ ಕಾಣುತ್ತೆ ಅಂತ ಕಂಪ್ಲೇಂಟ್ ಇತ್ತು. ನೋಡಿದ್ರೆ ಕಪ್ಪು ಬಣ್ಣದಲ್ಲಿ ತಪ್ಪೇ ಇಲ್ಲ, ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಅದನ್ನ ಹಾಗೆ ಕಾಣೋ ಥರ ಮಾಡ್ತಿತ್ತು! 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕಾನೇ ಬರ್ದ. ಈಗ ನಿಮ್ಮ ಬೂದು ಶರ್ಟ್ ಮೇಲೆ ಕಡುಕೆಂಪು ಸ್ಕಾರ್ಫ್ ಹಾಕಿ ಸ್ವಲ್ಪ ಹೊತ್ತು ನೋಡಿ, ಬೂದು ಲೈಟಾಗಿ ಹಸಿರು ಹೊಡ್ದಂಗೆ ಕಾಣುತ್ತೆ. ಶರ್ಟ್ ಅದೇ, ಕಣ್ಣು ಆಡೋ ಆಟ.

ಮುಖದ ಹತ್ರ ಯಾಕೆ ಅಂದ್ರೆ, ಬಟ್ಟೆಗೆ ಬಿದ್ದ ಬೆಳಕು ವಾಪಸ್ ಗಲ್ಲದ ಕೆಳಗೆ ಬೀಳುತ್ತೆ, ಬಣ್ಣ ಸಮೇತ. ಕಿಟಕಿ ಪಕ್ಕ ನಿಂತು ಕುತ್ತಿಗೆ ಹತ್ರ ಒಂದೊಂದೇ ಬಟ್ಟೆ ಹಿಡ್ಕೊಂಡು ನೋಡಿ, ಒಂದ್ರಲ್ಲಿ ಕಣ್ಣ ಕೆಳಗಿನ ಕಪ್ಪು ಎದ್ದು ಕಾಣುತ್ತೆ, ಇನ್ನೊಂದ್ರಲ್ಲಿ ಚೆನ್ನಾಗಿ ನಿದ್ದೆ ಮಾಡ್ದಂಗೆ ಕಾಣ್ತೀರ. ಫೋಟೋ ತೆಗ್ದು ಡಿಸೈಡ್ ಮಾಡ್ಬೇಡಿ, ಫೋನು ಬಣ್ಣಾನ ತಾನೇ ಸರಿಮಾಡ್ಬಿಡುತ್ತೆ, ಕನ್ನಡಿನೇ ವಾಸಿ. ಅದಕ್ಕೇ "ಮೊದ್ಲು ಒಂದು ಕೆಂಪು ಬ್ಯಾಗ್ ತಗೊಳ್ಳಿ" ಅನ್ನೋ ಸಲಹೆ ನಂಗೆ ಹಿಡಿಸಲ್ಲ, ಬ್ಯಾಗ್ ಹೋಗಿ ಕುರ್ಚಿ ಮೇಲೆ ಕೂತ್ರೆ ಮುಗೀತು, ನಾವು ಮತ್ತೆ ಬೂದೇ. ತೀರಾ ಸಂಕೋಚ ಇರೋರು ಬಣ್ಣದ ಸಾಕ್ಸ್ ಹಾಕ್ಕೊಳ್ಳಿ, ಯಾರಿಗೂ ಕಾಣಲ್ಲ, ನಿಮಗೆ ಗೊತ್ತಿರುತ್ತೆ.

ಅಂಗಡಿ ಲೈಟನ್ನಂತೂ ನಂಬಲೇಬೇಡಿ. ಮರೂನ್ ಸ್ವೆಟರಿಗೆ ಮ್ಯಾಚಿಂಗ್ ಸ್ಕಾರ್ಫ್ ಅಂತ ಒಳಗೆ ಪಕ್ಕಪಕ್ಕ ಇಟ್ಟು ನೋಡೇ ತಗೊಂಡಿದ್ದು, ಹೊರಗೆ ಬಿಸಿಲಿಗೆ ಬಂದ್ರೆ ಒಂದು ಮರೂನ್, ಇನ್ನೊಂದು ಕಂದು. ಎರಡಕ್ಕೂ ಹಾಕಿರೋ ಡೈ ಬೇರೆಬೇರೆ ಇದ್ರೆ ಒಂದು ಬೆಳಕಲ್ಲಿ ಒಂದೇ ಥರ ಕಂಡಿದ್ದು ಇನ್ನೊಂದು ಬೆಳಕಲ್ಲಿ ಬೇರೆ ಆಗುತ್ತೆ. ಕೇಳ್ಕೊಂಡು ಬಾಗಿಲ ಹತ್ರ ತಗೊಂಡ್ ಹೋಗಿ ನೋಡಿ, ನಾಚ್ಕೋಬೇಡಿ.

ಹಾಂ, ಒಗೆಯೋದು. ಗಾಢ ಬಣ್ಣಾನ ಮೊದಲ ಮೂರ್ನಾಲ್ಕು ಸಲ ಬೇರೇನೇ ಒಗೀರಿ, ಒಳಹೊರಗು ಮಾಡಿ, ತಣ್ಣೀರಲ್ಲಿ. ನನ್ ಹತ್ರ ಒಂದು ತಿಳಿಗುಲಾಬಿ ಶರ್ಟ್ ಇದೆ, ತಗೊಂಡಾಗ ಅದು ಬಿಳಿ.

ಕೊನೆಗೆ ನಂಗೆ ಒಗ್ಗಿದ್ದು ಬಾಟಲ್ ಗ್ರೀನ್. ವಾರದಲ್ಲಿ ನಾಲ್ಕು ದಿನ ಈಗ್ಲೂ ಬೂದೇ ಹಾಕೋದು, ಮಿಕ್ಕಿದ್ದು ಆ ಹಸಿರು ಸ್ವೆಟರ್, ಮೊಣಕೈ ಹತ್ರ ಜಾಳಾಗಿದೆ, ಅದೇ ಹಸಿರಲ್ಲಿ ಇನ್ನೊಂದು ಹುಡುಕ್ತಾ ಇದೀನಿ, ಸಿಕ್ಕಿದ್ದೆಲ್ಲಾ ಒಂಚೂರು ನೀಲಿ ಕಡೆ ಹೋಗಿರ್ತವೆ.