ಸೊನ್ನೆಯ ಬಿಲ್ಲು ಮತ್ತು ನನ್ನ ಒಂದು ಮತ

2023ರ ಆಗಸ್ಟಿನಿಂದೀಚೆಗೆ, ಮೀಟರ್ ನೋಡಲು ಬರುವ ಹುಡುಗ ನಮ್ಮ ಜಗಲಿಯ ಮೇಲಿಟ್ಟು ಹೋಗುವ ಕರೆಂಟ್ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆಯಷ್ಟೇ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಸಂಬಳ ತರುವ ಮನೆ ನಮ್ಮದು. ಗೃಹಜ್ಯೋತಿಗೆ ಆದಾಯದ ಮಿತಿ ಇಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿದ ಮೇಲೂ 200 ಯೂನಿಟ್ ಒಳಗಿದ್ದರೆ ಸಾಕು. ಅರ್ಜಿ ಹಾಕಿದವಳು ನಾನೇ, ಆದರೂ ಆ ಸೊನ್ನೆಯನ್ನು ನೋಡುವಾಗಲೆಲ್ಲ ಯಾರದೋ ಪಾಲನ್ನು ನಾವು ಉಣ್ಣುತ್ತಿದ್ದೇವೆ ಎಂಬ ಕಸಿವಿಸಿ ನನ್ನನ್ನು ಬಿಡುವುದಿಲ್ಲ.

ಪಕ್ಕದ ಮನೆಯ ಅಕ್ಕ ಕಾರ್ಕಳ ಕಡೆಯ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು. ಗೃಹಲಕ್ಷ್ಮಿಯ ₹2,000 ಅವರಿಗೆ ನಿಜಕ್ಕೂ ಆಸರೆ, ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ, ಉಡುಪಿ, ದಕ್ಷಿಣ ಕನ್ನಡದಂಥ ನಮ್ಮ ಜಿಲ್ಲೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಅಕ್ಕ ಇಂದಿಗೂ ಬೆಳಿಗ್ಗೆ ಸೆರಗಿನ ತುದಿಯ ಗಂಟು ಬಿಚ್ಚಿ, ಚಿಲ್ಲರೆ ಎಣಿಸಿ, ಕಂಡಕ್ಟರನ ಕೈಗೆ ಕೊಡುತ್ತಾರೆ. ಸೊಸೈಟಿಯಲ್ಲಿ ಬೆರಳೊತ್ತಿ ತಂದ ಬೆಳ್ತಿಗೆ ಅಕ್ಕಿ ದೋಸೆಗಾಗುತ್ತದೆ, ಊಟದ ಕುಚ್ಚಲಕ್ಕಿಯನ್ನು ಅಂಗಡಿಯಿಂದಲೇ ತರಬೇಕು. ಬೇಡದ ನಮ್ಮ ಮನೆಗೆ ಬಾಗಿಲಿಗೇ ಬರುವ ಸೌಲಭ್ಯ, ಬೇಕಾದ ಅವರಿಗೆ ಅರ್ಧಂಬರ್ಧ ಮುಟ್ಟುತ್ತದೆ.

2025-26ರ ರಾಜ್ಯ ಬಜೆಟ್ಟಿನ ₹4.09 ಲಕ್ಷ ಕೋಟಿಯಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿಟ್ಟದ್ದು ₹51,034 ಕೋಟಿ, ಎಂದರೆ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು. ಅದೇ ವರ್ಷ ತರಲು ಉದ್ದೇಶಿಸಿದ ಸಾಲ ₹1.16 ಲಕ್ಷ ಕೋಟಿ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿದರು. ಇತ್ತ ನಮ್ಮೂರ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಲು ಅತಿಥಿ ಶಿಕ್ಷಕಿಯೇ ಗತಿ. 1997ರಲ್ಲಿ ಹುಟ್ಟಿದ ಉಡುಪಿ ಜಿಲ್ಲೆಯಲ್ಲಿ ಇಂದಿಗೂ ಸರಕಾರಿ ವೈದ್ಯಕೀಯ ಕಾಲೇಜು ಇಲ್ಲ.

ಇದು ಒಂದು ಪಕ್ಷದ ಮೇಲಿನ ದೂರಾಗಿದ್ದರೆ ಇನ್ನೊಂದಕ್ಕೆ ಮತ ಹಾಕಿ ಸುಮ್ಮನಾಗುತ್ತಿದ್ದೆ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿ ಮುಂದಿಟ್ಟರೆ, ಬಿಜೆಪಿ ಬಿಪಿಎಲ್ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಎಂದಿತು. ಜೆಡಿಎಸ್ ಸಿಲಿಂಡರನ್ನು ಐದಕ್ಕೇರಿಸಿತು. 2022ರಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ಯನ್ನು, ಎಂದರೆ ಮತಕ್ಕಾಗಿ ಮಿಠಾಯಿಯಂತೆ ಪುಕ್ಕಟೆ ಹಂಚುವುದನ್ನು, ಖಂಡಿಸಿದಾಗ, ನಿಜ ಹೇಳುತ್ತೇನೆ, ನನಗೆ ಆಸೆ ಹುಟ್ಟಿತ್ತು. ಮರುವರ್ಷವೇ ಅವರದೇ ಪಕ್ಷ ಆಳುವ ಮಧ್ಯಪ್ರದೇಶದಲ್ಲಿ ಮಹಿಳೆಯರ ಖಾತೆಗೆ ತಿಂಗಳು ತಿಂಗಳು ಹಣ ಹಾಕುವ ಲಾಡ್ಲಿ ಬೆಹನಾ ಬಂತು, 2024ರಲ್ಲಿ ಮಹಾರಾಷ್ಟ್ರದಲ್ಲಿ ಅಂಥದ್ದೇ ಲಾಡ್ಕಿ ಬಹೀಣ್. ‘ನಾವು ಇಷ್ಟೇ ಕೊಡುತ್ತೇವೆ, ಅಗತ್ಯವಿದ್ದವರಿಗೆ ಮಾತ್ರ ಕೊಡುತ್ತೇವೆ, ಉಳಿದ ಹಣದಲ್ಲಿ ಇಂಥಿಂಥ ಕೆಲಸ ಮಾಡುತ್ತೇವೆ’ ಎಂದು ಹೇಳುವ ಧೈರ್ಯ ಒಬ್ಬರಿಗೂ ಇಲ್ಲ.

ಸರಕಾರ ಕೊಡಬಾರದೆಂದು ನಾನು ಹೇಳಲಾರೆ, ಏಕೆಂದರೆ ನಾವು ನಿಂತಿರುವ ನೆಲವೇ ಸರಕಾರ ಕೊಡಿಸಿದ್ದು. ನಮ್ಮಜ್ಜ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಉಳುವವರು ತಾವೇ ಎಂದು ಡಿಕ್ಲರೇಶನ್ ಅರ್ಜಿ ಹಾಕಿ ಆ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಅದಾದ ಮೇಲೆ ಅವರು ಯಾರ ಮುಂದೆಯೂ ಕೈಯೊಡ್ಡಲಿಲ್ಲ, ಅದೇ ಗದ್ದೆಯ ಬಲದಿಂದ ಮಕ್ಕಳನ್ನು ಓದಿಸಿದರು. ಕೊಟ್ಟದ್ದು ಒಮ್ಮೆ, ಆದರೆ ಮೂರು ತಲೆಮಾರಿಗೆ ಆಯಿತು. ಇಂದಿನ ಕೊಡುಗೆಯಾದರೋ ತಿಂಗಳು ತಿಂಗಳು ಬರಬೇಕು, ತಡವಾದರೆ ಬ್ಯಾಂಕಿಗೆ ಅಲೆಯಬೇಕು, ಮುಂದಿನ ಚುನಾವಣೆಯಲ್ಲಿ ಅದನ್ನೇ ಮತ್ತೆ ಭಿಕ್ಷೆಯೆಂಬಂತೆ ನೆನಪಿಸುತ್ತಾರೆ.

ನೋಟಾ ಒತ್ತಬಹುದಲ್ಲ ಎನ್ನುವವರಿದ್ದಾರೆ. 2013ರಿಂದ ಆ ಗುಂಡಿ ಯಂತ್ರದಲ್ಲಿದೆ. ಆದರೆ ಅದಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಗೆಲ್ಲುವವನು ಅಭ್ಯರ್ಥಿಯೇ.

ಕಳೆದ ಚುನಾವಣೆಯ ಹೊತ್ತಿಗೆ ಮನೆಗೆ ಬಂದ ಕಾರ್ಯಕರ್ತನನ್ನು ಕೂರಿಸಿ, ನೀರುಬೆಲ್ಲ ಕೊಟ್ಟು, ಶಾಲೆಗೆ ಖಾಯಂ ಶಿಕ್ಷಕರನ್ನು ತರುವ ಮಾತು ನಿಮ್ಮ ಕರಪತ್ರದಲ್ಲಿ ಏಕಿಲ್ಲ ಎಂದು ಕೇಳಿದ್ದೆ. ‘ಅಕ್ಕ, ಅದನ್ನು ಹೇಳಿದರೆ ಓಟು ಬೀಳುವುದಿಲ್ಲ’ ಎಂದ. ನನ್ನದೊಂದು ಬೀಳುತ್ತಿತ್ತು ಎಂದೆ. ಆತ ಕರಪತ್ರವನ್ನು ಜಗಲಿಯ ಮೇಲಿಟ್ಟು ಪಕ್ಕದ ಮನೆಗೆ ಹೋದ.