ಹೊನಗುಂಟಾ ದಾಟಿದ ಮ್ಯಾಲ

ಅಣ್ಣನ ಮಗನಿಗೆ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದಾರೆ. ಹತ್ತಿರದ ಒಂದು ನದಿ, ಹುಟ್ಟಿದಲ್ಲಿಂದ ಸಮುದ್ರದವರೆಗೆ, ಡ್ರಾಯಿಂಗ್ ಶೀಟಿನಲ್ಲಿ ಬಿಡಿಸಬೇಕು. ಅದಕ್ಕೇ ಭಾನುವಾರ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಮಳಖೇಡಕ್ಕೆ ಹೋದೆ, ಕಾಗಿಣಾ ನದಿ ತೋರಿಸೋಣ ಅಂತ.

ದಂಡೆಯಲ್ಲಿ ಒಬ್ಬ ಮುತ್ಯಾ ಎಮ್ಮೆಯ ಕಿವಿ ಮಡಚಿ ಉಣ್ಣಿ ಕೀಳುತ್ತಿದ್ದ. ಹುಡುಗ ಸೀದಾ ಹೋಗಿ ಕೇಳಿದ.

"ಮುತ್ಯಾ, ಈ ನೀರು ಸಮುದ್ರಕ್ಕ ಹೋಗ್ತದಾ?"

"ಇಲ್ಲಪಾ, ಹೊನಗುಂಟಾಕ್ಕ ಹೋಗ್ತದ."

"ಆಮ್ಯಾಲ?"

"ಆಮ್ಯಾಲ ಅದು ಭೀಮಾ. ನಮ್ದಲ್ಲ."

ನಾನು ನಕ್ಕುಬಿಟ್ಟೆ. ಮುತ್ಯಾ ಎಮ್ಮೆಯ ಕಿವಿ ಬಿಡದೇ ನನ್ನ ಕಡೆ ತಿರುಗಿ, "ನೀವು ಸಮುದ್ರತನ ನೋಡ್ಕೋಂತ ಹೋಗೀರೇನ್ರಿ?" ಅಂದ. ಎಲ್ಲಿ ಹೋಗಿದ್ದೇನೆ! ಗೋವಾಕ್ಕೆ ಎರಡು ಸಲ ಹೋಗಿದ್ದೇನೆ, ಅದು ಬೇರೆ ಸಮುದ್ರ.

ವಾರವಿಡೀ ಇದೇ ತಲೆಯಲ್ಲಿ ಓಡುತ್ತಿದೆ. ನನಗೆ ಗೊತ್ತಿರುವುದೆಲ್ಲ ಹೆಸರು ಮಾತ್ರ. ವಿಕಾರಾಬಾದ್ ಕಡೆ ಹುಟ್ಟುತ್ತದೆ, ತಾಂಡೂರು ದಾಟಿ ಸೇಡಂ ತಾಲ್ಲೂಕಿಗೆ ಬರುತ್ತದೆ, ಹೊನಗುಂಟಾ ಊರಿನ ಹತ್ತಿರ ಭೀಮಾಕ್ಕೆ ಸೇರುತ್ತದೆ, ಭೀಮಾ ರಾಯಚೂರಿನ ಹತ್ತಿರ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ. ಮುತ್ಯಾನಿಗೆ ಮಾತ್ರ ನೀರು ಗೊತ್ತು. ಜೋರು ಮಳೆಯಾದರೆ ದಂಡೋತಿ ಬ್ರಿಡ್ಜ್ ಮುಳುಗುತ್ತದೆ, ನಾವು ಪೇಪರ್‌ನಲ್ಲಿ ಫೋಟೊ ನೋಡುತ್ತೇವೆ, ಅವನು ಎಮ್ಮೆ ಹೊಡೆದುಕೊಂಡು ಮೇಲಕ್ಕೆ ಹೋಗುತ್ತಾನೆ.

ಅಂದಹಾಗೆ, ಈ ಮಳಖೇಡವೇ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗ ಇಲ್ಲೇ ಕೂತು ಆಳಿದ. ಅವನ ಆಸ್ಥಾನದವರು ಕನ್ನಡ ನಾಡಿನ ಗಡಿ ಹೇಳುವಾಗ ಕಾವೇರಿ ಅಂದರು, ಗೋದಾವರಿ ಅಂದರು. ಕೋಟೆ ಪಕ್ಕದಲ್ಲೇ ಹರಿಯುವ ಇದು ಆ ಮಾತಿನಲ್ಲಿ ಬರಲೇ ಇಲ್ಲ. ಗಡಿಯಲ್ಲಿಲ್ಲ, ನಿಜ. ಆದರೂ ನನಗೆ ಸ್ವಲ್ಪ ಸಿಟ್ಟೇ. ದಿನಾ ನೀರು ಕುಡಿದದ್ದು ಯಾವುದರದು?

ಹುಡುಗ ಚಿತ್ರ ಮುಗಿಸಿದ್ದಾನೆ. ಕಾಗಿಣಾ ಇಡೀ ಶೀಟು ತುಂಬಿದೆ, ನಡುವೆ ನದಿಗಿಂತ ದೊಡ್ಡದೊಂದು ಎಮ್ಮೆ. ಹೊನಗುಂಟಾ ಬರುವಷ್ಟರಲ್ಲಿ ಜಾಗ ಮುಗಿದು, ಭೀಮಾ, ಕೃಷ್ಣಾ, ಸಮುದ್ರ ಎಲ್ಲ ಮೂಲೆಯಲ್ಲಿ ಒಂದು ಬೆರಳಿನಷ್ಟಾಗಿವೆ. ಟೀಚರ್ ಬೈತಾರೆ, ಇನ್ನೊಂದು ಶೀಟು ಅಂಟಿಸು ಅಂದೆ.

"ಇರಲಿ ಕಾಕಾ, ಅದು ನಮ್ದಲ್ಲ."