ಹಲಗೆ ಯಾವಾಗ ಇಳಿಸೋದು?

ನಮ್ಮನೆ ಬಾವಿ ನೀರು ಉಪ್ಪಾಗಿದೆ ಅಂತ ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ. ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಕುಂದಾಪುರದ ಹತ್ತಿರ, ಹೊಳೆ ಕಡಲು ಸೇರುವ ಕಡೆ ನಮ್ಮ ಮನೆ. ಮುಂಚೆ ಏಪ್ರಿಲ್ ಕೊನೆಗೆ ಶುರುವಾಗುತ್ತಿದ್ದ ಗೋಳು ಈಗ ಮಾರ್ಚ್‌ಗೇ ಬರುತ್ತದೆ ಅಂತ ಅಮ್ಮ ಹೇಳುತ್ತಲೇ ಇದ್ದರು. ನಾನು ನಂಬಿರಲಿಲ್ಲ. ವಯಸ್ಸಾದವರಿಗೆ ಮುಂಚಿನದೆಲ್ಲ ಚಂದವೇ, ಅಲ್ವಾ?

ವಾದ ಬೇಡ ಅಂತ ಒಂದು ಟಿಡಿಎಸ್ ಮೀಟರ್ ತರಿಸಿದೆ. ಪೆನ್ನಿನಷ್ಟು ಉದ್ದ, ಕೆಲವು ನೂರು ರೂಪಾಯಿ. ನೀರಲ್ಲಿ ಅದ್ದಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅಂತ ಸುಮಾರಾಗಿ ತೋರಿಸುತ್ತದೆ. ಕುಡಿಯುವ ನೀರು 500ರ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ನಾಲ್ಕು ಮನೆಯ ಬಾವಿ, ವಾರಕ್ಕೊಂದು ಸಲ, ಹಳೇ ನೋಟ್‌ಬುಕ್‌ನಲ್ಲಿ ಅಂಕಿ. ಎರಡೇ ಬೇಸಿಗೆಯಲ್ಲಿ ಒಂದು ವಿಷಯ ಎದ್ದು ಕಂಡಿತು: ಬಾವಿ ಕೆಡುವುದು ಬಿಸಿಲಿಗೆ ಮಾತ್ರ ಅಲ್ಲ, ಕಿಂಡಿ ಅಣೆಕಟ್ಟಿಗೆ ಹಲಗೆ ಬಿದ್ದ ದಿನವೂ ಲೆಕ್ಕಕ್ಕೆ ಬರುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೊಳೆಗೆ ಅಡ್ಡವಾಗಿ ಕಟ್ಟಿದ, ಸಾಲಾಗಿ ಕಿಂಡಿಗಳಿರುವ ಗಿಡ್ಡ ಅಣೆಕಟ್ಟು ಇದು. ಮಳೆಗಾಲದಲ್ಲಿ ಹಲಗೆ ತೆಗೆದಿಡುತ್ತಾರೆ, ನೆರೆ ನೀರು ಸಲೀಸಾಗಿ ಇಳಿದುಹೋಗುತ್ತದೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಆಗ ಮೇಲುಗಡೆ ಸಿಹಿನೀರು ನಿಲ್ಲುತ್ತದೆ, ಭರತದಲ್ಲಿ, ಅಂದರೆ ಕಡಲು ಉಬ್ಬಿದಾಗ, ಹತ್ತಿ ಬರುವ ಉಪ್ಪುನೀರು ಕೆಳಗೇ ಉಳಿಯುತ್ತದೆ. ತಡವಾದರೆ ಉಪ್ಪು ಒಳಗೆ. ಬೇಗ ಮಾಡಿದರೆ ಅಕಾಲದ ಮಳೆಗೆ ಗದ್ದೆ ಮುಳುಗುತ್ತದೆ. 2019ರಲ್ಲಿ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತ ಎದ್ದವು, ಸಾಮಾನ್ಯವಾಗಿ ವರ್ಷಕ್ಕೆ ಒಂದು. ಅದರಲ್ಲಿ ಕ್ಯಾರ್ ಬಂದದ್ದು ಅಕ್ಟೋಬರ್ ಕೊನೆಯಲ್ಲಿ, ಕೊಯ್ಲಿನ ಹೊತ್ತಿಗೆ ಸರಿಯಾಗಿ. ಕಡಲು ಬಿಸಿಯಾಗಿ ಹೀಗೆ ಚಂಡಮಾರುತ ಏಳುತ್ತಿರುವಾಗ ಅಜ್ಜನ ಕಾಲದ ತಾರೀಕು ಹಿಡಿದು ಕೂತರೆ ಹೇಗೆ? ನಮ್ಮಲ್ಲಿ ಒಂದು ವರ್ಷ ಟೆಂಡರು, ಸಹಿ ಅಂತೆಲ್ಲ ಮುಗಿದು ಹಲಗೆ ಬೀಳುವಾಗ ಜನವರಿ. ಅಷ್ಟರಲ್ಲಿ ಉಪ್ಪು ಅಣೆಕಟ್ಟು ದಾಟಿಯಾಗಿತ್ತು. ಆ ಸಲ ನಾವು ತಡೆದು ನಿಲ್ಲಿಸಿದ್ದು ಉಪ್ಪುನೀರನ್ನೇ!

ಹೊಳೆಯ ನೀರನ್ನೂ ಅಳೆಯೋಣ ಅಂತ ಹೊರಟಾಗ ನಾನು ಮಾಡಿದ ದಡ್ಡತನ ಬೇರೆ. ದಡದಲ್ಲಿ ಬಗ್ಗಿ ಲೋಟದಲ್ಲಿ ನೀರು ಮೊಗೆದು ಅಳೆಯುತ್ತಿದ್ದೆ, ಅಂಕಿ ಕಡಿಮೆ ಬಂತು ಅಂತ ಖುಷಿಪಡುತ್ತಿದ್ದೆ. ಕಪ್ಪೆಚಿಪ್ಪು ಹೆಕ್ಕುತ್ತಿದ್ದ ಅಕ್ಕ ಒಬ್ಬರು ನಕ್ಕರು. "ಮೇಲಿನ್ ನೀರ್ ಎಂತಕ್ ಕಾಂಬುದ್? ಅಡಿದ್ ತೆಗ್ದ್ ಕಾಣಿ ಮಾರಾಯ್ರೆ." ಸರಿಯೇ. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ತೆವಳಿಕೊಂಡು ಬರುತ್ತದೆ. ಈಗ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಇನ್ನೊಂದು ದಾರ ಕಟ್ಟಿ ಇಳಿಸುತ್ತೇನೆ. ತಳ ಮುಟ್ಟಿದ ಮೇಲೆ ದಾರ ಜಗ್ಗಿದರೆ ಬಿರಡೆ ಕಳಚಿ ನೀರು ತುಂಬುತ್ತದೆ. ಮೊದಲ ಸಲ ಹಾಗೆ ತೆಗೆದ ನೀರಿಗೆ ಮೀಟರಿನ ಅಂಕಿಯೇ ಸಾಲಲಿಲ್ಲ.

ಉಳಿದ ಮಾಹಿತಿ ಸುಮ್ನೆ ಬಿದ್ದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ, 15 ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ಅಲೆಯ ಎತ್ತರ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ಹೇಳುತ್ತಾರೆ. ಆದರೆ ನಮ್ಮ ಅಣೆಕಟ್ಟಿನ ಬುಡದಲ್ಲಿ ಈ ಹೊತ್ತು ಎಷ್ಟು ಉಪ್ಪಿದೆ ಅಂತ ಯಾವ ಉಪಗ್ರಹ ಹೇಳುತ್ತದೆ? ಘಟ್ಟದ ಬುಡದ ಮಳೆ, ಹೊಳೆಯ ಅಡಿಯ ಉಪ್ಪು, ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಗೆ ಒಯ್ದೆ. ತಾರೀಕು ನೋಡಿ ಅಲ್ಲ, ಈ ಹಾಳೆ ನೋಡಿ ಹಲಗೆ ಇಳಿಸಿ ಅಂದೆ. ಅರ್ಧ ಜನ ಆಕಳಿಸಿದರು. ದೋಣಿಯವರು ಮಾತ್ರ ಹಾಳೆಯ ಫೋಟೋ ತೆಗೆದುಕೊಂಡರು.

ಅಮಾವಾಸ್ಯೆಗೆ ಭರತ ಜಾಸ್ತಿ, ಅವತ್ತು ಬೆಳಿಗ್ಗೆ ಮತ್ತೆ ಬಾಟಲಿ ಇಳಿಸಬೇಕು. ದಾರ ಹಿಡಿಯಲು ಅಮ್ಮನೂ ಬರುತ್ತಾರಂತೆ.